‘ಹೊಸ ಪೋಪ್ ಬಂದ್ರಲ್ಲ, ನಿಮಗೇನ್ ಬದಲಾತು?’

2025ರ ಮೇ ತಿಂಗಳಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ನಾನು ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಯುನಿಟ್ಟಿನಲ್ಲಿ ಲೆಕ್ಕ ಬರೆಯುವವನು. ಅಲ್ಲಿ ಕ್ರೈಸ್ತ ನಾನೊಬ್ಬನೇ, ಹಾಗಾಗಿ ರೋಮಿನಲ್ಲಿ ಏನೇ ಆದರೂ ಇಲ್ಲಿ ಜವಾಬು ಕೊಡಬೇಕಾದವನೂ ನಾನೇ. ಕಟಿಂಗ್ ಮಾಸ್ಟರ್ ಚಹಾ ಕುಡಿಯುತ್ತಾ ಕೇಳುತ್ತಾರೆ, ಕ್ಷೌರದಂಗಡಿಯವರು ಕತ್ತರಿ ಆಡಿಸುತ್ತಾ ಕೇಳುತ್ತಾರೆ: “ಹೊಸ ಪೋಪ್ ಬಂದಾರಂತಲ್ರಿ, ಅಮೆರಿಕಾದವ್ರಂತೆ. ನಿಮಗೇನ್ ಬದಲಾತು?”

ಮೊದಮೊದಲು “ಏನಿಲ್ರಿ” ಅಂದು ತಪ್ಪಿಸಿಕೊಳ್ಳುತ್ತಿದ್ದೆ. ಈಗ “ಒಂದು ಹೆಸರು ಬದಲಾತು” ಅನ್ನುತ್ತೇನೆ. ಅದಕ್ಕೆ ಸ್ವಲ್ಪ ವಿವರಣೆ ಬೇಕು.

ನಮ್ಮ ಬಲಿಪೂಜೆಯ (ಚರ್ಚಿನ ಮಾಸ್) ನಡುವೆ, ರೊಟ್ಟಿ ದ್ರಾಕ್ಷಾರಸ ಅರ್ಪಿಸಿದ ಮೇಲೆ, ಫಾದರ್ ಪೋಪರ ಹೆಸರು ಹೇಳುತ್ತಾರೆ. ಅದರ ಹಿಂದೆಯೇ ನಮ್ಮ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ ಹೆಸರು. ಆಮೇಲೆ ತೀರಿಹೋದವರ ನೆನಪು. ಪ್ರಪಂಚದ ಯಾವ ಮೂಲೆಯಲ್ಲಿ ಪೂಜೆ ನಡೆದರೂ ಆ ದಿನ ಪೋಪರ ಹೆಸರು ಒಂದೇ. ಹನ್ನೆರಡು ವರ್ಷ ಅಲ್ಲಿ ಫ್ರಾನ್ಸಿಸ್ ಇದ್ದರು. ಏಪ್ರಿಲ್ 21ರಂದು, ಈಸ್ಟರ್ ಹಬ್ಬದ ಮರುದಿನ, ಅವರು ತೀರಿಕೊಂಡರು. ಹೊಸಬರು ಆಯ್ಕೆಯಾಗುವವರೆಗೆ ಆ ಜಾಗದಲ್ಲಿ ಯಾರ ಹೆಸರನ್ನೂ ಹೇಳುವಂತಿಲ್ಲ. ಆ ದಿನಗಳಲ್ಲಿ ನಮ್ಮ ಫಾದರ್ ಆ ಸಾಲಿಗೆ ಬಂದಾಗಲೆಲ್ಲ ಸ್ವಲ್ಪ ತಡವರಿಸುತ್ತಿದ್ದರು. ಬಾಯಿಗೆ ರೂಢಿಯಾದ ಹೆಸರನ್ನು ನುಂಗಿಕೊಂಡು ನೇರ ಧರ್ಮಾಧ್ಯಕ್ಷರ ಹೆಸರಿಗೆ ಹೋಗಬೇಕಲ್ಲ. ಮೇ ತಿಂಗಳ ಎರಡನೇ ಭಾನುವಾರ ಪೀಠದ ಪುಸ್ತಕದ ಅಂಚಿಗೆ ಯಾರೋ ಹೊಸ ಪೋಪರ ಹೆಸರು ‘ಲಿಯೋ’ ಎಂದು ಪೆನ್ನಿನಲ್ಲಿ ಬರೆದ ಬಿಳಿ ಚೀಟಿ ಅಂಟಿಸಿದ್ದರು. ಚೀಟಿ ಇದ್ದರೂ ಫಾದರ್ ಬಾಯಿಂದ ‘ಫ್ರಾ...’ ಅಂತಲೇ ಹೊರಟಿತು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯರು ಮುಸಿಮುಸಿ ನಕ್ಕರು.

ಆಯ್ಕೆಯಾದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಮೇ 8. ಒಳಗೆ ಕೂತರೆ ಸೆಕೆ, ಹೊರಗೆ ಕೂತರೆ ಸೊಳ್ಳೆ. ಟಿವಿಯಲ್ಲಿ ಎಲ್ಲ ಚಾನೆಲ್ಲಿನಲ್ಲೂ ಗಡಿಯ ಸುದ್ದಿ, ಡ್ರೋನು, ಸೈರನ್ನು, ಕತ್ತಲಾದ ಜಮ್ಮು. ರೋಮಿನ ಚಿಮಣಿಯಿಂದ ಬಿಳಿ ಹೊಗೆ ಬಂದಾಗ ನಮಗೆ ರಾತ್ರಿ ಒಂಬತ್ತೂವರೆ ದಾಟಿತ್ತು. ಹೆಸರು ಗೊತ್ತಾಗಲು ಇನ್ನೊಂದು ತಾಸು ಹಿಡಿಯಿತು. ಅಮ್ಮ ಜಪಸರ ಹಿಡಿದು ಟಿವಿ ಮುಂದೆ, ನಾನು ಮೊಬೈಲ್ ಹಿಡಿದು ಬಾಗಿಲಲ್ಲಿ. ಪೋಪರನ್ನು ಆರಿಸಲು ಮತ ಹಾಕಿದ 133 ಕಾರ್ಡಿನಲ್‌ಗಳಲ್ಲಿ ನಮ್ಮ ದೇಶದವರು ನಾಲ್ವರು. ಅವರಲ್ಲೊಬ್ಬರು ಹೈದರಾಬಾದಿನ ಆಂತೋನಿ ಪೂಲ, ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್. ಅದಕ್ಕೂ ಮೊದಲು ಪಕ್ಕದ ಕರ್ನೂಲಿನ ಧರ್ಮಾಧ್ಯಕ್ಷರಾಗಿದ್ದರು. ಅಮ್ಮನ ಪ್ರಕಾರ ಅವರೇ ಆಗಬೇಕಿತ್ತು. ಆದವರು ಚಿಕಾಗೋದಲ್ಲಿ ಹುಟ್ಟಿ, ಪೆರುವಿನ ಬಡ ಊರುಗಳಲ್ಲಿ ವರ್ಷಗಟ್ಟಲೆ ಸೇವೆ ಮಾಡಿದ ರಾಬರ್ಟ್ ಪ್ರಿವೋಸ್ಟ್. ಪೋಪ್ ಆಗಿ ಅವರು ಇಟ್ಟುಕೊಂಡ ಹೆಸರೇ ಲಿಯೋ. ಬಾಲ್ಕನಿಗೆ ಬಂದು ಅವರು ಆಡಿದ ಮೊದಲ ಮಾತು, ಶಾಂತಿ ನಿಮ್ಮೆಲ್ಲರೊಂದಿಗಿರಲಿ ಅಂತ. ಪ್ರತಿ ಪೂಜೆಯಲ್ಲೂ ಕೇಳುವಂಥದ್ದೇ ಮಾತು. ಆದರೆ ಆ ಕಡೆ ಟಿವಿಯಲ್ಲಿ ಸೈರನ್ ಕೂಗುತ್ತಿತ್ತು. ಅಮ್ಮ ರಿಮೋಟ್ ಎತ್ತಿ ಟಿವಿ ಆರಿಸಿಬಿಟ್ಟರು. ಮೂರು ದಿನ ಬಿಟ್ಟು, ಭಾನುವಾರದ ಪ್ರಾರ್ಥನೆಯ ಹೊತ್ತಿಗೆ, ಅದೇ ಪೋಪ್ ಭಾರತ ಪಾಕಿಸ್ತಾನದ ಕದನವಿರಾಮ ಕೇಳಿ ಸಂತೋಷವಾಯಿತು ಎಂದರು.

ಇನ್ನೊಂದು ಪ್ರಶ್ನೆ ಇದರ ಬಾಲ ಹಿಡಿದೇ ಬರುತ್ತದೆ: “ರೋಮಿನಿಂದ ನಿಮಗ ರೊಕ್ಕ ಬರ್ತೈತಂತಲ್ಲ?” ನನ್ನ ಜೇಬಿಗಂತೂ ಬಂದಿಲ್ಲ. ಜೂನ್ ಕೊನೆಗೆ, ಸಂತ ಪೇತ್ರ ಪೌಲರ ಹಬ್ಬದ ಸುಮಾರಿಗೆ, ಪೋಪರ ಧರ್ಮಕಾರ್ಯಕ್ಕೆಂದು ನಮ್ಮ ಕಡೆಯಿಂದಲೇ ಕಾಣಿಕೆ ಎತ್ತುತ್ತಾರೆ. ರೋಮಿನಿಂದ ನಿಜವಾಗಿ ಬರುವುದು ಧರ್ಮಾಧ್ಯಕ್ಷರ ನೇಮಕ. ಬಳ್ಳಾರಿ ಧರ್ಮಕ್ಷೇತ್ರವಾದದ್ದು, ಅಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತದ ವ್ಯಾಪ್ತಿಯಾದದ್ದು, 1949ರಲ್ಲಿ. ಊರು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರುವುದಕ್ಕೂ ನಾಲ್ಕು ವರ್ಷ ಮೊದಲು. ಇಂದು ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಎಲ್ಲ ಇದಕ್ಕೇ ಸೇರುತ್ತವೆ.

ಲಿಯೋ ಅನ್ನುವ ಹೆಸರಿನ ಕಥೆ ಮಾತ್ರ ನನ್ನನ್ನು ಸ್ವಲ್ಪ ಕುಟುಕಿದೆ. ಹಿಂದಿನ ಲಿಯೋ, ಅಂದರೆ ಹದಿಮೂರನೆಯವರು, 1886ರಲ್ಲಿ ಭಾರತದ ಕಥೋಲಿಕ ಧರ್ಮಸಭೆಗೆ ಧರ್ಮಾಧ್ಯಕ್ಷರ ಆಡಳಿತದ ಚೌಕಟ್ಟು ಕೊಟ್ಟವರು. 1891ರಲ್ಲಿ ಅವರೇ ‘ರೇರುಮ್ ನೊವಾರುಮ್’ ಎಂಬ ಪತ್ರ ಬರೆದರು, ಪೂರಾ ಕಾರ್ಮಿಕರ ಬಗ್ಗೆ. ಕೂಲಿಕಾರ ಒಪ್ಪಿಕೊಂಡಿದ್ದಾನೆ ಎಂಬ ಒಂದೇ ಮಾತಿಗೆ ಕೂಲಿ ನ್ಯಾಯವಾಗುವುದಿಲ್ಲ, ಹಿತಮಿತದಲ್ಲಿ ಬದುಕುವವನ ಹೊಟ್ಟೆಗಾದರೂ ಅದು ಸಾಲಬೇಕು ಎಂಬುದು ಅದರ ವಾದ. ಆ ಪತ್ರವನ್ನು ನೆನೆದೇ ಈ ಹೆಸರು ಆರಿಸಿಕೊಂಡೆ, ಈಗ ಕೃತಕ ಬುದ್ಧಿಮತ್ತೆ ದುಡಿಮೆಗೆ ಹೊಸ ಸವಾಲು ತಂದಿದೆ ಎಂದು ಹೊಸ ಪೋಪ್ ಆಯ್ಕೆಯಾದ ಎರಡೇ ದಿನಕ್ಕೆ ಕಾರ್ಡಿನಲ್‌ಗಳಿಗೆ ಹೇಳಿದರು.

ಇದನ್ನೆಲ್ಲ ಒಂದು ದಿನ ಚಹಾದ ಹೊತ್ತಿನಲ್ಲಿ ಉತ್ಸಾಹದಿಂದ ಒದರಿದೆ. ಕಟಿಂಗ್ ಮಾಸ್ಟರ್ ಲೋಟ ಕೆಳಗಿಟ್ಟು, “ಹಂಗಾದ್ರ ನಿಮ್ಮ ಪೋಪ್‌ಗೆ ಒಂದು ಮಾತು ಹೇಳ್ರಿ ಸರ, ಜಿಪ್ ಹಚ್ಚೋ ರೇಟು ಎರಡು ವರ್ಷದಿಂದ ಏರಿಲ್ಲ ಅಂತ” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಪ್ಯಾಂಟಿಗೆ ಇಷ್ಟು, ಜಿಪ್ಪಿಗೆ ಇಷ್ಟು, ಬೆಲ್ಟ್ ಪಟ್ಟಿಗೆ ಇಷ್ಟು ಎಂದು ಬರೆಯುವ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ಆ ವಾರ ಸಾವ್ಕಾರರ ಮುಂದೆ ಮಾತೆತ್ತಿದೆ. ದೀಪಾವಳಿ ಮುಗೀಲಿ ನೋಡೋಣ ಅಂದರು. ದೀಪಾವಳಿ ಮುಗಿದಿದೆ. ರೇಟು ಅಲ್ಲೇ ಇದೆ.

ನಮ್ಮಮ್ಮನಿಗೆ ಈ ಪತ್ರಗಳ ಗೊಡವೆ ಇಲ್ಲ. ಅವರ ತವರು ಮುದಗಲ್. ಅಲ್ಲಿನ ಕ್ರೈಸ್ತ ಕೇರಿ ಬಿಜಾಪುರದ ಆದಿಲಶಾಹಿ ಕಾಲದ್ದು, ಗೋವೆಯ ಕಡೆಯಿಂದ ಬಂದ ಪಾದ್ರಿಗಳು ಕಟ್ಟಿದ್ದು. ಮೊಹರಮ್ಮಿಗೆ ಊರಿಗೆ ಊರೇ ಸೇರುವ ಮುದಗಲ್ಲಿನಲ್ಲಿ ಅಲಾಯಿ ಕುಣಿತ ನೋಡುತ್ತಾ ಬೆಳೆದವರು ಅಮ್ಮ. ರೋಮಿನಲ್ಲಿ ಯಾರು ಬಂದರು, ಯಾರು ಹೋದರು ಎಂದು ಆ ಕೇರಿಗೆ ತಿಂಗಳುಗಟ್ಟಲೆ ತಡವಾಗಿ ತಿಳಿಯುತ್ತಿದ್ದ ಕಾಲವೂ ಇದ್ದಿರಬೇಕು. ಪೂಜೆಯೇನೂ ನಿಂತಿರಲಾರದು.

ನವೆಂಬರ್ 2 ಸತ್ತವರ ಹಬ್ಬ. ಮನೆಮನೆಯವರು ತಮ್ಮ ಕಡೆಯ ತೀರಿಹೋದವರ ಹೆಸರನ್ನು ಚೀಟಿಯಲ್ಲಿ ಬರೆದು ಚರ್ಚಿಗೆ ಕೊಡುತ್ತೇವೆ, ಪೂಜೆಯಲ್ಲಿ ನೆನೆಯಲಿ ಅಂತ. ಅಮ್ಮ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ: ಅಜ್ಜ, ಅಜ್ಜಿ, ಅಪ್ಪ, ದೊಡ್ಡಮ್ಮ. “ಕೆಳಗ ಫ್ರಾನ್ಸಿಸ್ ಅಂತ ಬರಿ” ಅಂದರು.

“ಯಾವ ಫ್ರಾನ್ಸಿಸ್?”

“ಪೋಪ್. ಹನ್ನೆರಡು ವರ್ಷ ದಿನಾ ಹೆಸರು ಹೇಳೀನಿ, ಈಗ ಬಿಟ್ಟುಬಿಡ್ಲೇನು?”

ಬರೆದೆ. ಚರ್ಚಿನ ಬಾಗಿಲಲ್ಲಿ ಚೀಟಿ ತೆಗೆದುಕೊಂಡ ಹುಡುಗ ಒಂದೊಂದೇ ಹೆಸರು ಓದಿ, ಕೊನೆಯದಕ್ಕೆ ಬಂದು, “ಇವ್ರು ನಿಮಗೇನಾಗ್ಬೇಕು ಅಮ್ಮಾ?” ಅಂದ. ಅಮ್ಮ ಹತ್ತು ರೂಪಾಯಿ ಕಾಣಿಕೆ ಡಬ್ಬಿಗೆ ಹಾಕಿ, ಸೆರಗು ತಲೆ ಮೇಲೆ ಎಳೆದುಕೊಂಡು ಒಳಗೆ ನಡೆದರು.