ಅಂಗೈ ಆಡಿಸದೆ ಟೈರಿನ ಹೆಸರು ಹೇಳುವುದಿಲ್ಲ

ಮೇ ತಿಂಗಳ ಕೊನೆಯ ವಾರ ಡಾಕ್ಟರೊಬ್ಬರು ತಮ್ಮ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಕಾರನ್ನು ನಮ್ಮ ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ಇಳಿಯುವುದಕ್ಕೂ ಮೊದಲೇ ಮೊಬೈಲನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ಒಂದು ಟೈರಿನ ಚಿತ್ರವಿತ್ತು. “ಇದೇ ಬೇಕು. ಹದಿನೇಳು ಇಂಚಿನ ರಿಮ್ ಸಮೇತ ನಾಲ್ಕೂ ಬದಲಾಯಿಸಿ. ಎಷ್ಟಾಗುತ್ತದೆ ಹೇಳಿ” ಎಂದರು.

“ಹೇಳುತ್ತೇನೆ ಡಾಕ್ಟರೇ. ಮೊದಲು ಹಳೆಯ ಟೈರು ನೋಡಿಬಿಡೋಣ” ಎಂದೆ.

ಮೈಸೂರಿನ ಟೈರ್ ಅಂಗಡಿಯಲ್ಲಿ ನನಗೆ ಹದಿನೇಳು ವರ್ಷಗಳಾದವು. ಮೊದಲ ಐದು ವರ್ಷ ಪಂಕ್ಚರ್ ಮತ್ತು ಬ್ಯಾಲೆನ್ಸಿಂಗ್, ಆಮೇಲೆ ಅಲೈನ್‌ಮೆಂಟ್, ಈಗ ಯಾವ ಕಾರಿಗೆ ಯಾವ ಟೈರು ಹೊಂದುತ್ತದೆ ಎಂದು ಗಿರಾಕಿಗಳಿಗೆ ಹೇಳುವ ಕೆಲಸ. “ಮೊದಲು ಹಳೆಯ ಟೈರು ನೋಡೋಣ” ಎಂಬ ಮಾತು ನನ್ನ ಬಾಯಿಗೆ ಬಂದದ್ದು 2017ರಲ್ಲಿ, ಒಂದು ತಪ್ಪು ಮಾಡಿದ ಮೇಲೆ. ಆ ಕಥೆಯನ್ನು ಮೊದಲು ಹೇಳುತ್ತೇನೆ.

ಆ ವರ್ಷ ಮಾರ್ಚ್‌ನಲ್ಲಿ ಕಾಲೇಜು ಉಪನ್ಯಾಸಕಿಯೊಬ್ಬರು ಪೋಲೋ ಜಿಟಿ ಟಿಎಸ್‌ಐ ತಂದಿದ್ದರು. 1.2 ಲೀಟರಿನ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ. ನೋಡುವುದಕ್ಕೆ ಚಿಕ್ಕ ಕಾರು, ಕಾಲಿಟ್ಟರೆ ಚಿಮ್ಮುತ್ತಿತ್ತು. ಅವರದ್ದಕ್ಕೆ ಕಂಪನಿಯಿಂದ ಬಂದಿದ್ದ ಅಳತೆ 185/60 ಆರ್15. ಅವರಿಗೆ ಹದಿನಾರು ಇಂಚಿನ ರಿಮ್ ಮೇಲೆ ಆಸೆ. ನನಗೂ ಆ ಕಾರೆಂದರೆ ಆಸೆ. ‘ಜಿಟಿ’ ಎಂಬ ಎರಡಕ್ಷರ ನೋಡಿದ್ದೇ ನಾನು 205/45 ಆರ್16 ಟೈರನ್ನು ಸೂಚಿಸಿದೆ. ಅಗಲವಾದ, ಗಟ್ಟಿ ಪಕ್ಕದ (ಪಕ್ಕ ಎಂದರೆ ರಿಮ್‌ಗೂ ರಸ್ತೆಗೂ ನಡುವಿನ ರಬ್ಬರಿನ ಗೋಡೆ), ತಿರುವಿನಲ್ಲಿ ಸ್ಟೇರಿಂಗ್ ಹೇಳಿದ ಕಡೆ ಥಟ್ಟನೆ ತಿರುಗುವ ಟೈರು. ಹಾಕಿದ ಮೇಲೆ ಕಾರು ಬಹಳ ಚೆಂದ ಕಾಣಿಸಿತು. ಫೋಟೊ ತೆಗೆದು ಅಂಗಡಿಯ ಗೋಡೆಗೂ ಅಂಟಿಸಿದೆವು.

ಐದು ವಾರ ಕಳೆದು ಅವರು ಮತ್ತೆ ಬಂದರು. ಮುಂದಿನ ಎಡಗಡೆಯ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಒಳಗಿನ ದಾರದ ಪದರ ಹರಿದು, ಗಾಳಿ ರಬ್ಬರನ್ನು ಹೊರಕ್ಕೆ ತಳ್ಳಿತ್ತು. ಅದು ಪಂಕ್ಚರ್ ಹಾಕಿ ಸರಿಪಡಿಸುವ ಗಾಯವಲ್ಲ, ಟೈರನ್ನು ಎಸೆಯಲೇಬೇಕು. ರಿಮ್‌ನ ಅಂಚೂ ಬಾಗಿತ್ತು. ಆಗ ಮೊದಲ ಬಾರಿಗೆ ಕೇಳಿದೆ: “ಮೇಡಂ, ದಿನಾ ಎಲ್ಲಿಗೆ ಹೋಗುತ್ತೀರಿ?” ಚಾಮರಾಜನಗರದ ಕಾಲೇಜಿಗೆ, ಹೋಗಿ ಬರುವುದು ಸೇರಿ ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್ ಹತ್ತಿರ. ಸಂಜೆ ಕತ್ತಲಲ್ಲಿ ವಾಪಸು. ಎದುರು ಲಾರಿಯ ಬೆಳಕು ಕಣ್ಣಿಗೆ ಹೊಡೆಯುವಾಗ ಗುಂಡಿ ಕಾಣುವುದಿಲ್ಲ ಎಂದರು.

ಅವರು ಹೋದ ಮೇಲೆ ಕುಳಿತು ಲೆಕ್ಕ ಹಾಕಿದೆ. ಟೈರಿನ ಮೇಲಿರುವ ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಆ ಅಗಲಕ್ಕೆ ಪಕ್ಕದ ಎತ್ತರ ಶೇಕಡಾ ಎಷ್ಟು ಎಂಬುದು. ಹಳೆಯ ಟೈರಿನ ಪಕ್ಕ 111 ಮಿಲಿಮೀಟರ್ ಎತ್ತರವಿತ್ತು. ನಾನು ಹಾಕಿದ್ದು 92. ಗುಂಡಿಯ ಏಟನ್ನು ನುಂಗಬೇಕಿದ್ದ ರಬ್ಬರು ಮತ್ತು ಗಾಳಿಯಲ್ಲಿ ಸುಮಾರು ಎರಡು ಸೆಂಟಿಮೀಟರನ್ನು ಚೆಂದಕ್ಕಾಗಿ ಕತ್ತರಿಸಿಬಿಟ್ಟಿದ್ದೆ. ಇನ್ನೂ ಒಂದು ಕಂಡಿತು. ಹಳೆಯದರ ಭಾರದ ಸಂಖ್ಯೆ 84, ಅಂದರೆ ಒಂದು ಟೈರು 500 ಕಿಲೋ ಹೊರುತ್ತದೆ. ಹೊಸದರ ಸಂಖ್ಯೆ 83, ಅಂದರೆ 487 ಕಿಲೋ. ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಸಂಖ್ಯೆಯ ಟೈರನ್ನು ಕಾರಿಗೆ ಹಾಕಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ನಾನು ಅದನ್ನು ನೋಡಿಯೇ ಇರಲಿಲ್ಲ. ಮೂಲ ರಿಮ್‌ಗಳು ಅವರ ಮನೆಯಲ್ಲೇ ಇದ್ದವು. ಲಾಭ ಬಿಟ್ಟು ಹಳೆಯ ಅಳತೆಯ ಟೈರನ್ನೇ ಅವುಗಳಿಗೆ ಹಾಕಿಕೊಟ್ಟೆ. ಗೋಡೆಯ ಫೋಟೊವನ್ನು ನಾನೇ ಕಿತ್ತೆ.

ಅಂದಿನಿಂದ ಕಾರಿನ ಹೆಸರು ನೋಡಿ ಟೈರು ಹೇಳುವುದನ್ನು ಬಿಟ್ಟೆ. ಓಡಿಸುವವರ ಮಾತನ್ನೂ ಅರ್ಧವೇ ನಂಬುತ್ತೇನೆ. ಯಾರೂ ಬೇಕೆಂದು ಸುಳ್ಳು ಹೇಳುವುದಿಲ್ಲ, ಆದರೆ ವರ್ಷಕ್ಕೆ ಎರಡು ಸಲ ಹೋದ ಘಾಟಿ ರಸ್ತೆ ಮನಸ್ಸಿನಲ್ಲಿ ದೊಡ್ಡದಾಗಿ ಉಳಿದಿರುತ್ತದೆ, ದಿನಾ ಹೋಗುವ ರಸ್ತೆ ಮರೆತಿರುತ್ತದೆ. ಹಳೆಯ ಟೈರು ಎರಡನ್ನೂ ಬರೆದಿಟ್ಟುಕೊಂಡಿರುತ್ತದೆ.

ಡಾಕ್ಟರ ಕಾರನ್ನು ಲಿಫ್ಟ್ ಮೇಲೆ ಏರಿಸಿದೆವು. ಅಳತೆ 205/55 ಆರ್16, 91ವಿ. 91 ಎಂದರೆ 615 ಕಿಲೋ ಭಾರ. ವಿ ಎಂದರೆ ಗಂಟೆಗೆ 240 ಕಿಲೋಮೀಟರ್ ವರೆಗಿನ ವೇಗಕ್ಕೆ ತಾಳುವ ಟೈರು. ನಮ್ಮ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಮಿತಿ ಇರುವುದೇ ನೂರು. ಹಾಗಿದ್ದ ಮೇಲೆ ಈ ಅಕ್ಷರ ಯಾಕೆ ಎಂದು ಕೇಳುವವರಿದ್ದಾರೆ. ಅದು ಟೈರು ಬಿಸಿಯನ್ನು ಎಷ್ಟು ತಡೆಯುತ್ತದೆ ಎಂಬುದರ ಗುರುತೂ ಹೌದು. 150 ಪಿಎಸ್ ಶಕ್ತಿಯ ಕಾರಿಗೆ ಆ ಅಕ್ಷರವನ್ನು ಇಳಿಸಿ ಅಗ್ಗದ ಟೈರು ಹಾಕಿಸುವುದನ್ನು ನಾನು ಒಪ್ಪುವುದಿಲ್ಲ.

ಅಂಗೈಯನ್ನು ಟ್ರೆಡ್ ಮೇಲೆ, ಅಂದರೆ ರಸ್ತೆಗೆ ತಾಗುವ ರಬ್ಬರಿನ ಮೇಲೆ, ಅಡ್ಡಲಾಗಿ ಆಡಿಸಿದೆ. ಮುಂದಿನ ಎಡ ಟೈರಿನಲ್ಲಿ ಒಂದು ದಿಕ್ಕಿಗೆ ಕೈ ಜಾರಿದರೆ, ವಾಪಸು ತರುವಾಗ ಗರಗಸದ ಹಲ್ಲಿನಂತೆ ತಡೆಯುತ್ತಿತ್ತು. ಚಕ್ರ ನೇರ ಉರುಳದೆ ಸ್ವಲ್ಪ ಓರೆಯಾಗಿ ರಸ್ತೆಗೆ ಉಜ್ಜಿಕೊಂಡು ಹೋಗಿದೆ ಎಂದರ್ಥ, ಅಲೈನ್‌ಮೆಂಟ್ ತಪ್ಪಿದೆ. ಮುಂದಿನ ಎರಡೂ ಟೈರುಗಳ ಹೊರ ಭುಜ, ಅಂದರೆ ಟ್ರೆಡ್‌ನ ಹೊರ ಅಂಚು, ದುಂಡಗಾಗಿತ್ತು. ತಿರುವಿನಲ್ಲಿ ಡಾಕ್ಟರು ಕಾರನ್ನು ಚೆನ್ನಾಗಿ ಒರಗಿಸುತ್ತಾರೆ! ಆಳ ಅಳೆಯುವ ಕಡ್ಡಿ ಇಟ್ಟರೆ ಮುಂದೆ 2.5 ಮಿಲಿಮೀಟರ್, ಹಿಂದೆ 4.5. ಕಾರು ಓಡಿದ್ದು 41,000 ಕಿಲೋಮೀಟರ್. ಪಕ್ಕದ ರಬ್ಬರಿನ ಮೇಲೆ ಗುಂಡಿಗೆ ತಾಗಿದ ನಾಲ್ಕಾರು ಗೀರುಗಳು. ಟ್ರೆಡ್‌ನ ಕಾಲುವೆಗಳಲ್ಲಿ ಸಣ್ಣ ಜಲ್ಲಿ ಸಿಕ್ಕಿಕೊಂಡಿತ್ತು.

“ಕುಶಾಲನಗರದ ಕಡೆ ಹೋಗುತ್ತೀರಾ?” ಎಂದೆ. ಅವರಿಗೆ ಆಶ್ಚರ್ಯ. ವಾರಕ್ಕೆ ಮೂರು ದಿನ ಅಲ್ಲಿನ ಆಸ್ಪತ್ರೆಗೆ ಹೋಗುತ್ತಾರಂತೆ. ರಾತ್ರಿ ಕರೆ ಬಂದರೆ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಒಂದೇ ಓಟ. ಇದರಲ್ಲಿ ಮಂತ್ರವೇನೂ ಇಲ್ಲ, ಡ್ಯಾಶ್‌ಬೋರ್ಡ್ ಮೇಲೆ ಆ ಆಸ್ಪತ್ರೆಯ ವಾಹನ ನಿಲುಗಡೆಯ ಚೀಟಿ ಬಿದ್ದಿತ್ತು. ಆದರೆ ಟೈರು ಹೇಳಿದ್ದಕ್ಕೂ ಚೀಟಿ ಹೇಳಿದ್ದಕ್ಕೂ ತಾಳೆಯಾಯಿತು.

ಮಳೆಗಾಲಕ್ಕೆ ಎರಡು ವಾರವೂ ಇರಲಿಲ್ಲ. ಹಾಗಾಗಿ ಅವರಿಗೆ ಮೊದಲು ಬೇಕಾದದ್ದು ಒದ್ದೆ ರಸ್ತೆಯ ಹಿಡಿತ. ಟ್ರೆಡ್ ಕಾಲುವೆಯ ಕೆಲಸವೇ ಚಕ್ರದ ಕೆಳಗಿನ ನೀರನ್ನು ಹೊರಹಾಕುವುದು. ಅದು ಹೋಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. 1.6 ಮಿಲಿಮೀಟರಿಗೆ ಕಾಲುವೆಯ ತಳದಲ್ಲಿರುವ ಸವೆತದ ಗುರುತು ಮೇಲ್ಮಟ್ಟಕ್ಕೆ ಬರುತ್ತದೆ, ಅಲ್ಲಿಗೆ ಟೈರಿನ ಆಯುಷ್ಯ ಮುಗಿಯಿತು. ಆದರೆ ಕೊಡಗಿನ ಕಡೆಯ ಮಳೆಗೆ ಹೋಗುವವರು ಮೂರಕ್ಕೆ ಬಂದಾಗಲೇ ಬದಲಾಯಿಸಬೇಕು ಎಂಬುದು ನನ್ನ ನಿಲುವು.

ಅವರು ಕೇಳಿದ್ದ 225/45 ಆರ್17 ಅಳತೆಯಲ್ಲಿ ದೋಷವಿಲ್ಲ. ಒಟ್ಟು ವ್ಯಾಸ ಮೂಲದ್ದಕ್ಕೆ ಬಹಳ ಹತ್ತಿರ, 632ರ ಬದಲು 634 ಮಿಲಿಮೀಟರ್. ಸ್ಪೀಡೋಮೀಟರ್ ಹೆಚ್ಚುಕಡಿಮೆ ನಿಜವನ್ನೇ ತೋರಿಸುತ್ತದೆ. ನಗರದಲ್ಲೂ ಹೆದ್ದಾರಿಯಲ್ಲೂ ಮಾತ್ರ ಓಡಿಸುವವರಿಗೆ ನಾನೇ ಅದನ್ನು ಹಾಕಿದ್ದೇನೆ. ಆದರೆ ಪಕ್ಕದ ಎತ್ತರ 113ರಿಂದ 101ಕ್ಕೆ ಇಳಿಯುತ್ತದೆ. ಅಗಲ ಹೆಚ್ಚಾದಷ್ಟು ಹೊರಹಾಕಬೇಕಾದ ನೀರೂ ಹೆಚ್ಚುವುದರಿಂದ ನಿಂತ ನೀರಿನಲ್ಲಿ ಬೇಗ ತೇಲುತ್ತದೆ. ರಾತ್ರಿ ಹನ್ನೊಂದಕ್ಕೆ, ಮಳೆಯಲ್ಲಿ, ಆಪರೇಷನ್‌ಗೆಂದು ಹೊರಟವರಿಗೆ ಇವೆರಡೂ ಬೇಡ. “ರಿಮ್‌ಗೆ ಹಾಕಬೇಕೆಂದಿರುವ ದುಡ್ಡನ್ನು ರಬ್ಬರಿಗೆ ಹಾಕಿ ಡಾಕ್ಟರೇ” ಎಂದೆ. ಕಂಪನಿ ಕೊಟ್ಟ ಹದಿನಾರು ಇಂಚಿನ ಅಳತೆಯಲ್ಲೇ, ಮೇಲ್ದರ್ಜೆಯ ಟೈರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಲ್ಲವನ್ನೂ ಕೊಡುವ ಟೈರು ಇಲ್ಲ. ಗಟ್ಟಿ ರಬ್ಬರು ಹೆಚ್ಚು ಕಾಲ ಬಾಳುತ್ತದೆ, ಒದ್ದೆಯಲ್ಲಿ ಹಿಡಿತ ಕಡಿಮೆ. ಮೃದು ರಬ್ಬರು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಕಪ್ಪು ಇಂಗಾಲದ ಪುಡಿಯ ಬಹುಪಾಲಿನ ಬದಲು ಸಿಲಿಕಾ ಬೆರೆಸಲು ಕಲಿತ ಮೇಲೆ ಒದ್ದೆಯ ಹಿಡಿತವನ್ನೂ ಇಂಧನದ ಉಳಿತಾಯವನ್ನೂ ಒಟ್ಟಿಗೆ ಸ್ವಲ್ಪ ಸುಧಾರಿಸಲು ಸಾಧ್ಯವಾಯಿತು, ಆದರೆ ಎಳೆದಾಟ ಪೂರ್ತಿ ನಿಂತಿಲ್ಲ. ಕೆಲವು ಟೈರುಗಳ ಪಕ್ಕದಲ್ಲಿ ‘ಟ್ರೆಡ್‌ವೇರ್’ ಎಂದು 300, 400 ಹೀಗೆ ಅಂಕಿ ಇರುತ್ತದೆ. ಅಮೆರಿಕದ ನಿಯಮದಂತೆ ಬಂದ ಈ ಅಂಕಿಯನ್ನು ತಯಾರಕರೇ ಪರೀಕ್ಷಿಸಿ ಹಾಕಿಕೊಳ್ಳುತ್ತಾರೆ. ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ. ಬೇರೆ ಬೇರೆ ಕಂಪನಿಗಳ ನಡುವೆ ಅದನ್ನೇ ತಕ್ಕಡಿ ಮಾಡಿಕೊಳ್ಳಬೇಡಿ. ದಿನಾ ಓಡಿಸುವ ಚುರುಕು ಕಾರಿಗೆ ನಾನು ಸಾಮಾನ್ಯವಾಗಿ ನಡುವಿನ ಜಾತಿಯದನ್ನು ಹೇಳುತ್ತೇನೆ: ಹಿಡಿತದ ರಬ್ಬರು, ಒಳಭಾಗದಲ್ಲಿ ನೀರಿಗೆ ಅಗಲ ಕಾಲುವೆ, ಹೊರಭಾಗದಲ್ಲಿ ತಿರುವಿಗೆ ದಪ್ಪ ಕಟ್ಟೆ, ಪಕ್ಕ ಮಾತ್ರ ಅತಿ ಗಟ್ಟಿ ಅಲ್ಲ.

“ಹಿಂದಿನವು ಚೆನ್ನಾಗಿವೆಯಲ್ಲ, ಮುಂದಕ್ಕೆ ಮಾತ್ರ ಎರಡು ಹೊಸದು ಹಾಕಿದರೆ?” ಎಂದು ಡಾಕ್ಟರು ಕೇಳಿದರು. ದಿನಕ್ಕೆ ಒಬ್ಬರಾದರೂ ಕೇಳುವ ಪ್ರಶ್ನೆ ಇದು. ಎರಡೇ ಕೊಳ್ಳುವುದಾದರೆ ಹೊಸದು ಹಿಂದಕ್ಕೆ ಹೋಗಬೇಕು, ಹಿಂದಿನವು ಮುಂದಕ್ಕೆ ಬರಬೇಕು. ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನು ಎಂದು ಜನ ವಾದಿಸುತ್ತಾರೆ. ನಿಜ. ಆದರೆ ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಮಾನ್ಯ ಚಾಲಕನಿಗೂ ಬಹುಮಟ್ಟಿಗೆ ಹಿಡಿತಕ್ಕೆ ಸಿಗುತ್ತದೆ. ಹಿಂದಿನದು ಜಾರಿದರೆ ಕಾರು ಸುತ್ತಿಬಿಡುತ್ತದೆ. ಆಗ ಕಾಲು ತೆಗೆಯುವುದೇ ಅದನ್ನು ಇನ್ನಷ್ಟು ಸುತ್ತಿಸುತ್ತದೆ. ಡಾಕ್ಟರು ತಿರುವಿನಲ್ಲಿ ಓಡಿಸುವ ರೀತಿ ಅವರ ಟೈರಿನ ಭುಜದಲ್ಲೇ ಕಂಡಿದ್ದರಿಂದ, ಮುಂದೊಂದು ಹಿಂದೊಂದು ವಿನ್ಯಾಸ ಬೇಡವೆಂದು ನಾಲ್ಕೂ ಒಂದೇ ಹಾಕಿಸಿ ಎಂದೆ. ಸ್ವಲ್ಪ ಯೋಚಿಸಿ ಒಪ್ಪಿದರು.

ಮೊದಲು ಬಂದ ನಾಲ್ಕರಲ್ಲಿ ಒಂದನ್ನು ವಾಪಸು ಕಳಿಸಿದೆ. ಪಕ್ಕದ ನಾಲ್ಕಂಕಿಯ ತಾರೀಕು ಉಳಿದ ಮೂರಕ್ಕಿಂತ ಎರಡು ವರ್ಷ ಹಿಂದಿನದು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಉದಾಹರಣೆಗೆ, 2319 ಎಂದರೆ 2019ರ ಇಪ್ಪತ್ತಮೂರನೆಯ ವಾರ. 2020ರ ಜೂನ್‌ನಲ್ಲಿ ಸರ್ಕಾರ ಹೊಸ ಟೈರುಗಳ ಆಮದಿಗೆ ನಿರ್ಬಂಧ ಹಾಕಿದ ಮೇಲೆ ಕೆಲವು ಅಳತೆಗಳು ಸಿಗುವುದೇ ಕಷ್ಟವಾಗಿತ್ತು. ಆಗ ಗೋದಾಮಿನ ಮೂಲೆಯಲ್ಲಿದ್ದ ಹಳೆಯ ಸರಕೂ ಹೊಸ ಬೆಲೆಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಸೋದರಮಾವ ಮೇಟಗಳ್ಳಿಯ ವಿಕ್ರಾಂತ್ ಟೈರ್ಸ್‌ನಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. 1997ರಲ್ಲಿ ಅದು ಜೆಕೆ ಟೈರ್ ಕಂಪನಿಯ ಕೈಗೆ ಹೋದ ಮೇಲೂ ಅಲ್ಲೇ ಇದ್ದರು. ಮನೆಗೆ ಬಂದರೆ ಅವರ ಅಂಗಿಯಲ್ಲಿ ಬಿಸಿ ರಬ್ಬರಿನ ವಾಸನೆ ಇರುತ್ತಿತ್ತು. ಓಡಿದರೂ ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ ಎಂದು ಮೊದಲು ಹೇಳಿದವರು ಅವರೇ. ಅದಕ್ಕೇ ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯ ತಾರೀಕನ್ನೂ ನಾನು ನೋಡುತ್ತೇನೆ.

ಹಾಕುವಾಗ ನಮ್ಮ ಹುಡುಗ ಒಂದನ್ನು ತಿರುಗುಮುರುಗು ಕೂರಿಸಿದ್ದ. ಪಕ್ಕದ ಮೇಲೆ ‘ಔಟ್‌ಸೈಡ್’ ಎಂಬ ಅಕ್ಷರ ಕಾರಿನ ಒಳಗಡೆಗೆ ಹೋಗಿತ್ತು. ಹಾಗೇ ಬಿಟ್ಟಿದ್ದರೆ ತಿರುವಿನ ಕಟ್ಟೆ ಒಳಗೆ, ನೀರಿನ ಕಾಲುವೆ ಹೊರಗೆ ಆಗುತ್ತಿತ್ತು. ಬಯ್ಯಲಿಲ್ಲ. ಅವನ ಬೆರಳನ್ನು ಹಿಡಿದು ಆ ಅಕ್ಷರದ ಮೇಲೆ ಇಟ್ಟು, ಬಿಚ್ಚಿ ಮತ್ತೆ ಅವನಿಂದಲೇ ಹಾಕಿಸಿದೆ. ಬ್ಯಾಲೆನ್ಸಿಂಗ್ ಆಯಿತು, ಅಲೈನ್‌ಮೆಂಟ್ ಸರಿಪಡಿಸಿದೆವು, ಬೋಲ್ಟ್‌ಗಳನ್ನು ಬಿಗಿತ ಅಳೆಯುವ ಟಾರ್ಕ್ ಪಾನಾ ಹಾಕಿ 120 ನ್ಯೂಟನ್ ಮೀಟರಿಗೆ ಬಿಗಿದೆವು.

ಗಾಳಿ ಎಷ್ಟಿರಬೇಕೆಂದು ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿ ತೋರಿಸಿ ಒಂದು ಮಾತು ಹೇಳಿದೆ: ತಣ್ಣಗಿರುವಾಗ ಮಾತ್ರ ನೋಡಿ. ದೂರ ಓಡಿ ಬಂದ ಟೈರಿನಲ್ಲಿ ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಹೆಚ್ಚಾಯಿತೆಂದು ಬಂಕಿನಲ್ಲಿ ಗಾಳಿ ಹೊರಬಿಟ್ಟರೆ ಬೆಳಿಗ್ಗೆ ತಣ್ಣಗಾದಾಗ ಕಡಿಮೆ ಗಾಳಿಯಲ್ಲಿ ಹೊರಡುತ್ತೀರಿ, ಪಕ್ಕ ಮಡಚಿ ಮಡಚಿ ಬಿಸಿಯೇರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ತಿರುವಿನಲ್ಲಿ ಒರಗಿಸಬೇಡಿ, ಅಚ್ಚಿನಿಂದ ಬಿಡಿಸಲು ಬಳಿದ ಜಾರು ಪದರ ಸವೆಯಬೇಕು ಎಂದೂ ಹೇಳಿದೆ. ಈ ಕೊನೆಯ ಮಾತಿಗೆ ಅವರು ನಕ್ಕರು.

ಜುಲೈ ಎರಡನೆಯ ವಾರ, ಸಂಜೆ, ಜಿಟಿಜಿಟಿ ಮಳೆಯಲ್ಲಿ ಮತ್ತೆ ಬಂದರು. ಚಕ್ರದ ಕಮಾನಿನವರೆಗೂ ಕೆಂಪು ಕೆಸರು. ಸ್ಟೇರಿಂಗ್ ಮೊದಲಿನಷ್ಟು ಥಟ್ಟನೆ ಇಲ್ಲ, ಅರೆಕ್ಷಣ ತಡ ಎಂದು ದೂರಿದರು. ಅದು ನಿಜ, ಮೃದು ಪಕ್ಕಕ್ಕೆ ತೆರುವ ಬೆಲೆ ಅದು, ನಾನು ಮೊದಲೇ ಇನ್ನೂ ಸ್ಪಷ್ಟವಾಗಿ ಹೇಳಬೇಕಿತ್ತು ಎಂದು ಒಪ್ಪಿಕೊಂಡೆ. “ಆದರೆ ಬೈಲಕುಪ್ಪೆ ಹತ್ತಿರ ನೀರು ನಿಲ್ಲುತ್ತದಲ್ಲ, ಅಲ್ಲಿ ಈಗ ಸ್ಟೇರಿಂಗ್ ಹಗುರ ಆಗುವುದಿಲ್ಲ” ಎಂದರು.

ಕಾರು ಮೇಲೇರಿತು. ಬಟ್ಟೆಯಿಂದ ಕೆಸರು ಒರೆಸಿ ಮುಂದಿನ ಎಡ ಟೈರಿನ ಮೇಲೆ ಅಂಗೈ ಆಡಿಸಿದೆ. ಹೋಗುವಾಗಲೂ ಬರುವಾಗಲೂ ನುಣುಪು. ಬೋಲ್ಟ್ ನೋಡಿ, ಗಾಳಿ ನೋಡಿ, ಹತ್ತು ಸಾವಿರ ಕಿಲೋಮೀಟರಿಗೆ ಟೈರುಗಳನ್ನು ಹಿಂದೆಮುಂದೆ ಬದಲಾಯಿಸಲು ಬರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆ. ಬಿಲ್ಲು ಬರೆಯುವ ಕೆಲಸ ಇರಲಿಲ್ಲ.