ನೋಂದಣಿ ಪತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ನೋಂದಣಿ ಆದ ಹೋರಿ ಅಂದರೆ ಒಳ್ಳೆಯ ಹೋರಿ ಅಂತಲೇ ನಾನು ಬಹಳ ವರ್ಷ ನಂಬಿದ್ದೆ. ಹಾಗಲ್ಲ. ಆ ಪತ್ರ ಹೇಳುವುದು ಇಷ್ಟೇ: ಇದು ಯಾವ ಪ್ರಾಣಿ, ಯಾವತ್ತು ಹುಟ್ಟಿತು, ಅಪ್ಪ ಯಾರು, ಅಮ್ಮ ಯಾರು. ಇಂಗ್ಲೆಂಡಿನ ಶಾರ್ಟ್‌ಹಾರ್ನ್ ಅನ್ನುವ ದನದ ತಳಿಗೆ 1822ರಲ್ಲೇ ಇಂಥ ವಂಶಾವಳಿ ಪುಸ್ತಕ ಬಂದಿತ್ತು. ಆದರೆ ಈ ಹೋರಿಗೆ ಹುಟ್ಟುವ ಹೆಣ್ಣುಕರುಗಳು ಮುಂದೆ ಎಷ್ಟು ಹಾಲು ಕೊಡಬಹುದು ಅನ್ನುವುದು ಬೇರೆ ಲೆಕ್ಕ. ಅದನ್ನೇ ತಳಿ ಮೌಲ್ಯ ಅನ್ನುವುದು.

ಲೆಕ್ಕ ಹೀಗೆ. ಒಂದು ಹಸು ತನ್ನ ಜೊತೆಯ ಹಸುಗಳ ಸರಾಸರಿಗಿಂತ ಒಂದು ಸೂಲಿನಲ್ಲಿ, ಅಂದರೆ 305 ದಿನದಲ್ಲಿ, 1000 ಕೆಜಿ ಜಾಸ್ತಿ ಹಾಲು ಕೊಟ್ಟಿತು ಅಂದುಕೊಳ್ಳಿ. ಅಷ್ಟೂ ಅದರ ವಂಶದ ಗುಣವೇ? ಅಲ್ಲ. ಹಾಲಿನ ಪ್ರಮಾಣದಲ್ಲಿ ಹಸುವಿಂದ ಹಸುವಿಗೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ 30ರಷ್ಟು ಮಾತ್ರ ವಂಶದಿಂದ ಬರುವುದು, ಉಳಿದದ್ದು ಮೇವು, ಆರೈಕೆ, ಹವೆ, ಅದೃಷ್ಟ. ಹಾಗಾಗಿ ಅದರ ತಳಿ ಮೌಲ್ಯ ಸುಮಾರು 300 ಕೆಜಿ. ಮಗಳಿಗೆ ದಾಟುವುದು ಅದರಲ್ಲಿ ಅರ್ಧ, 150. ಗಬ್ಬ ನಿಲ್ಲುವ ಗುಣಕ್ಕಂತೂ ವಂಶದ ಪಾಲು ಶೇ 5ರ ಆಸುಪಾಸು, ಅದಕ್ಕೇ ಒಂದೆರಡು ಹಸು ನೋಡಿ ಅದನ್ನು ಅಳೆಯಲು ಆಗುವುದಿಲ್ಲ, ಒಂದು ಹೋರಿಗೆ ಹುಟ್ಟಿದ ನೂರಾರು ಹೆಣ್ಣುಕರುಗಳ ದಾಖಲೆ ಬೇಕು.

ಒಂದು ಎಚ್ಚರ. ಕೆಲವು ಕಡೆ ಇಡೀ ತಳಿ ಮೌಲ್ಯವನ್ನೇ ಅಚ್ಚು ಹಾಕುತ್ತಾರೆ, ಅದು ಇಬಿವಿ. ಇನ್ನು ಕೆಲವು ಕಡೆ ಮಕ್ಕಳಿಗೆ ದಾಟುವ ಅರ್ಧವನ್ನು ಮಾತ್ರ ಹಾಕುತ್ತಾರೆ, ಅದು ಇಪಿಡಿ ಅಥವಾ ಪಿಟಿಎ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಹೋರಿ ಆರಿಸುವಾಗ ಎಡವುವುದು ಖಂಡಿತ.

ಈಗ ನನಗೆ ತುಂಬಾ ಮುಖ್ಯ ಅನಿಸುವ ಮಾತು. ಎಲ್ಲ ಲೆಕ್ಕವೂ ಜೊತೆಯ ಗುಂಪಿನ ಮೇಲೆ ನಿಂತಿದೆ, ಅಂದರೆ ಒಂದೇ ಕಾಲದಲ್ಲಿ ಹುಟ್ಟಿ, ಒಂದೇ ಕೊಟ್ಟಿಗೆಯಲ್ಲಿ ಒಂದೇ ಮೇವು ತಿಂದು ಬೆಳೆದ ಕರುಗಳು. ಹಾಲಿನ ಹಾಗೆ ಕರುವಿನ ತೂಕಕ್ಕೂ ಇದೇ ಲೆಕ್ಕ. ಎಷ್ಟೋ ಜನ ಚೆನ್ನಾಗಿ ಬಂದ ಕರುಗಳ ತೂಕ ಮಾತ್ರ ಲೆಕ್ಕ ಹಾಕುವವರಿಗೆ ಕಳಿಸಿ, ಸೊರಗಿದವನ್ನು ಬಿಟ್ಟುಬಿಡುತ್ತಾರೆ, ಹೆಸರು ಕೆಡಬಾರದು ಅಂತ. ನಾನೂ ಮಾಡಿದ್ದೇನೆ. ಇದರಿಂದ ಪೆಟ್ಟು ಬೀಳುವುದು ನಮ್ಮ ಒಳ್ಳೆಯ ಕರುವಿಗೇ! ಐದು ಕರು ಇವೆ ಅನ್ನಿ: 180, 190, 200, 220, 260 ಕೆಜಿ. ಸರಾಸರಿ 210, ಮೇಲಿನದು 50 ಕೆಜಿ ಮುಂದಿದೆ. ಮೇಲಿನ ಎರಡನ್ನೇ ಕಳಿಸಿದರೆ ಸರಾಸರಿ 240 ಆಗುತ್ತದೆ. 260ರ ಕರು ಬರೀ 20 ಮುಂದೆ, 220ರದ್ದು ಸರಾಸರಿಗಿಂತ 20 ಹಿಂದೆ. ಹತ್ತು ಕೆಜಿ ಮುಂದಿದ್ದ ಕರುವನ್ನು ನಾವೇ ಹಿಂದೆ ತಳ್ಳಿದ ಹಾಗಾಯಿತು, ಅಲ್ವಾ? ಅದರ ಅಪ್ಪನ ಅಂಕಿಯೂ ಜೊತೆಗೇ ಇಳಿಯುತ್ತದೆ.

ಅಪ್ಪನ ಹೆಸರು ತಪ್ಪಿದರೂ ಅಷ್ಟೇ. ಬೆದೆಗೆ ಬಂದ ಹಸುವಿಗೆ ಇವತ್ತು ಒಂದು ಹೋರಿಯ ವೀರ್ಯ, ಮೂರು ವಾರ ಬಿಟ್ಟು ಮತ್ತೆ ಬೆದೆಗೆ ಬಂದರೆ ಇನ್ನೊಂದು ಹೋರಿಯದು ಕೊಟ್ಟು, ತಾರೀಕು ಬರೆಯದೆ ಬಿಟ್ಟರೆ ಕರು ಯಾರದ್ದು ಅಂತ ಊಹೆ ಮಾಡಬೇಕಾಗುತ್ತದೆ. ಹಸುವಿನ ಗಬ್ಬ ಸುಮಾರು 280 ದಿನ, ತಾರೀಕು ಇದ್ದರೆ ಎಷ್ಟೋ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಇಲ್ಲದಿದ್ದರೆ ಡಿಎನ್‌ಎ ಪರೀಕ್ಷೆ ಮಾಡಿಸಬೇಕು. ಗುರುತಿನ ಸಂಖ್ಯೆಯ ಕಿವಿಯೋಲೆಯನ್ನು ಕರು ಹುಟ್ಟಿದ ದಿನವೇ ಹಾಕುವುದು ಒಳ್ಳೆಯದು.

ವಂಶ ಬರೆದಿಡುವುದರ ಬೆಲೆ ನನಗೆ ಮನದಟ್ಟಾದದ್ದು ಹೋಲ್‌ಸ್ಟೀನ್ ಅನ್ನುವ ಹಾಲಿನ ತಳಿಯ ಒಂದು ಹೋರಿಯ ಕಥೆ ಓದಿದಾಗ. ಹೆಸರು ಚೀಫ್, ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ್ದು. ಹಾಲಿನ ಗುಣದಲ್ಲಿ ಅಸಾಧಾರಣ, ಅದಕ್ಕೇ ಅದರ ಸಂತತಿ ಜಗತ್ತೆಲ್ಲಾ ಹರಡಿತು. ಜೊತೆಗೆ ಒಂದು ಕೆಟ್ಟ ಜೀನ್ ಕೂಡ ಹರಡಿತು. ಅಪ್ಪ ಅಮ್ಮ ಇಬ್ಬರಿಂದಲೂ ಅದು ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತದೆ. ಹತ್ತಾರು ವರ್ಷ ಇದು ಯಾರಿಗೂ ಗೊತ್ತಾಗಲಿಲ್ಲ, ಹಸು ಗಬ್ಬ ನಿಲ್ಲಲಿಲ್ಲ ಅಂತ ಸುಮ್ನೆ ಬರೆದುಕೊಂಡರು. ಸಾವಿರಾರು ಪ್ರಾಣಿಗಳ ಡಿಎನ್‌ಎ ನೋಡಿದಾಗ, ಅದರ ಒಂದು ಭಾಗದ ಎರಡು ಪ್ರತಿ, ಅಂದರೆ ಅಪ್ಪನಿಂದ ಒಂದು ಅಮ್ಮನಿಂದ ಒಂದು, ಇರುವ ಬದುಕಿರುವ ಹಸು ಒಂದೂ ಸಿಗಲಿಲ್ಲ. ಆ ಇಲ್ಲದಿರುವಿಕೆಯೇ ಸುಳಿವಾಯಿತು, 2011ರಲ್ಲಿ ಅದನ್ನು ಪ್ರಕಟಿಸಿದರು. ಅದು ಚೀಫ್‌ನಿಂದ ಬಂದದ್ದು ಅಂತ ಹಿಂದಕ್ಕೆ ಹೋಗಿ ಹಿಡಿಯಲು ಸಾಧ್ಯವಾದದ್ದು ವಂಶಾವಳಿ ಇದ್ದದ್ದಕ್ಕೆ. ಈಗ ಆ ಜೀನ್ ಇರುವ ಹೋರಿ ಯಾವುದು ಅಂತ ಮೊದಲೇ ತಿಳಿಯಬಹುದು.

ಒಂದೇ ಸಲಕ್ಕೆ ಡಿಎನ್‌ಎಯ ಸಾವಿರಾರು ಜಾಗಗಳನ್ನು ಓದುವ ಡಿಎನ್‌ಎ ಚಿಪ್ ಬಂದ ಮೇಲೆ ಇನ್ನೊಂದು ಬದಲಾವಣೆ ಆಯಿತು. ಮೊದಲು ಹೋರಿಯನ್ನು ನಂಬಲು ಅದರ ಹೆಣ್ಣುಮಕ್ಕಳು ಕರು ಹಾಕಿ ಹಾಲು ಕೊಡುವ ತನಕ, ಐದು ವರ್ಷಕ್ಕೂ ಜಾಸ್ತಿ, ಕಾಯಬೇಕಿತ್ತು. ಅಮೆರಿಕದಲ್ಲಿ 2009ರಿಂದ ಎಳೆ ಕರುವಿಗೂ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ನೋಡಿ ಅಧಿಕೃತ ಅಂಕಿ ಕೊಡುತ್ತಾರೆ. ಒಂದೇ ಅಪ್ಪ ಅಮ್ಮನ ಎರಡು ಕರುಗಳಿಗೆ ಬರೀ ವಂಶಾವಳಿ ಕೊಡುವುದು ಒಂದೇ ಅಂಕಿ. ಯಾವುದಕ್ಕೆ ಯಾವ ಅರ್ಧ ಬಂದಿದೆ ಅಂತ ಹೇಳುವುದು ಡಿಎನ್‌ಎ.

ಅದಕ್ಕೇ ಈಗ ನಾನು ಹೋರಿಯ ಅಂಕಿ ನೋಡುವ ಮೊದಲು ಪಕ್ಕದ ನಂಬಿಕೆಯ ಮಟ್ಟ, ಅಂದರೆ ಆ ಅಂಕಿಯನ್ನು ಎಷ್ಟು ನಂಬಬಹುದು ಅನ್ನುವ ಶೇಕಡಾ ಲೆಕ್ಕ, ನೋಡುತ್ತೇನೆ. ಶೇ 35 ಇದ್ದರೆ ಆ ಅಂಕಿ ನಾಳೆ ಬಹಳ ಏರಿಳಿಯಬಹುದು, ಅಂಥ ಒಂದೇ ಹೋರಿಯ ಮೇಲೆ ಇಡೀ ಹಿಂಡನ್ನು ಬಿಡದೆ ನಾಲ್ಕೈದು ಹೋರಿಗಳಿಗೆ ಹಂಚುತ್ತೇನೆ. ಶೇ 95 ಇದ್ದರೆ ಒಂದೇ ಹೋರಿಯಿಂದ ಜಾಸ್ತಿ ಹಸುಗಳಿಗೆ ಕೊಡಿಸಲು ಧೈರ್ಯ ಬರುತ್ತದೆ, ಆದರೂ ನಮ್ಮ ಹಸುಗಳ ಅಜ್ಜನೇ ಅದರ ಅಜ್ಜನೂ ಆಗಿದ್ದಾನಾ ಅಂತ ಪತ್ರ ತೆಗೆದು ನೋಡಿದ ಮೇಲೆಯೇ.