ಮೂಳೆ ಡೈರಿ: ಅರಬ್ಬಿ ಸಮುದ್ರ ನನ್ನ ಏಣಿ ಮುರಿಯಿತು

ಹೋದ ಸಲ ಬರೆದಾಗ ಚಾರ್ಟ್ ಅರ್ಧ ಮುಗಿದಿದೆ ಎಂದಿದ್ದೆ. ಈಗ ಅರ್ಧವೂ ಇಲ್ಲ. ಮುಕ್ಕಾಲು ಪಾಲು ಒರೆಸಿ ಹಾಕಿದ್ದೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ವಿನೆಗರ್ ಕಥೆ.

ಹೊಸಬರಿಗೆ ಎರಡು ಮಾತು. ಗೋವಾದ ವಾಸ್ಕೋದಲ್ಲಿ ನಮ್ಮ ಕನ್ನಡ ಮಕ್ಕಳ ಭಾನುವಾರದ ಗುಂಪಿಗೆ ಒಂದು ಗೋಡೆ ಚಾರ್ಟ್ ಮಾಡುತ್ತಿದ್ದೇನೆ. ತಿಮಿಂಗಿಲ, ಡಾಲ್ಫಿನ್‌ಗಳ ಹಳೇ ಮೂಳೆ ನೋಡಿ ಆ ಕಾಲದ ಸಮುದ್ರ ಹೇಗಿತ್ತು ಅಂತ ಹೇಗೆ ಹೇಳುತ್ತಾರೆ ಅನ್ನೋದು ವಿಷಯ. ನಾನು ವಿಜ್ಞಾನಿ ಅಲ್ಲ, ಗೋಡೌನಿನ ಲೆಕ್ಕ ಬರೆಯುವವನು. ಕುಮಟಾದವನಾದ್ದರಿಂದ ಮೀನಿನ ಮುಳ್ಳಿನ ಪರಿಚಯ ಮಾತ್ರ ಚೆನ್ನಾಗಿದೆ.

ಮೂಳೆಯಲ್ಲಿ ಮುಖ್ಯವಾಗಿ ಎರಡು ಸಾಮಾನು. ಗಟ್ಟಿ ಖನಿಜ ಒಂದು, ಅದರೊಳಗೆ ಹೆಣೆದುಕೊಂಡ ಕೊಲಾಜನ್ ಎಂಬ ಪ್ರೋಟೀನ್ ಇನ್ನೊಂದು. ಲ್ಯಾಬಿನವರಿಗೆ ಬೇಕಾದದ್ದು ಕೊಲಾಜನ್. ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ನೆನೆಸಿ ಖನಿಜ ಕರಗಿಸುತ್ತಾರೆ. ಮನೆಯಲ್ಲಿ ಅಷ್ಟು ಧೈರ್ಯ ಇಲ್ಲ, ವಿನೆಗರ್ ಸಾಕು ಅಂದುಕೊಂಡೆ. ಪಕ್ಕದ ಮನೆಯ ಆಂಟಿ ತೆಂಗಿನ ಕಳ್ಳಿನ ವಿನೆಗರ್ ಕೊಟ್ಟಿದ್ದರು, ಅದನ್ನೇ ಸುರಿದೆ. ತಪ್ಪಾಯಿತು. ಕೋಳಿ ಕಾಲಿನ ಮೂಳೆ ಚಹಾ ಬಣ್ಣಕ್ಕೆ ತಿರುಗಿತು, ಒಳಗೆ ಏನಾಗ್ತಿದೆ ಅಂತ ಕಾಣಲೇ ಇಲ್ಲ. ವಿಂದಾಲುಗೆ ಇಟ್ಟ ವಿನೆಗರ್ ಹೋಯಿತು ಅಂತ ಮನೆಯಲ್ಲಿ ಬೈಗುಳ ಬೇರೆ.

ಎರಡನೇ ಸಲ ಅಂಗಡಿಯ ಬಿಳಿ ವಿನೆಗರ್ ತಂದೆ. ಕೋಳಿ ಮೂಳೆ ಒಂದು, ಅಂಜಲ್ ಮೀನಿನ ಬೆನ್ನುಮೂಳೆಯ ಮಣಿ ಒಂದು. ಹಾಕಿದ ಕೂಡಲೇ ಸಣ್ಣ ಗುಳ್ಳೆ ಏಳಲು ಶುರು. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿದೆ. ಅಂಜಲ್ ಮಣಿ ಬೇಗ ಮೆತ್ತಗಾಯಿತು. ಕೋಳಿ ಮೂಳೆ ಆರನೇ ದಿನ ಬೆರಳಲ್ಲಿ ಬಳುಕಿತು, ಬಿಟ್ಟರೆ ಮತ್ತೆ ನೆಟ್ಟಗೆ. ಆಕಾರ ಹಾಗೇ ಇದೆ, ಗಟ್ಟಿತನ ಹೋಗಿದೆ. ಕಾಲು ಸೂಪ್ ಆರಿದಾಗ ಗಟ್ಟಿಯಾಗುತ್ತಲ್ವಾ, ಅದಕ್ಕೆ ಕಾರಣವೂ ಇದೇ ಕೊಲಾಜನ್. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೇದು ಸಿಗಲ್ಲ.

ನಿಜವಾದ ಡಾಲ್ಫಿನ್ ಮೂಳೆ ಯಾಕೆ ತರಲಿಲ್ಲ ಎಂದು ಕೇಳಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅವು ಮೊದಲ ಪಟ್ಟಿಯಲ್ಲಿವೆ, ಸತ್ತದ್ದರ ತುಂಡೂ ಮನೆಗೆ ತರುವ ಹಾಗಿಲ್ಲ. ಬೋಗ್ಮಾಳೋ ದಂಡೆಯಲ್ಲಿ ಒಂದು ಬೆನ್ನುಮೂಳೆ ಕಂಡಾಗ ಮುಟ್ಟಲಿಲ್ಲ. ಅಳತೆಗೆ ಚಪ್ಪಲಿ ಇಟ್ಟು ಫೋಟೋ ತೆಗೆದು ಅರಣ್ಯ ಇಲಾಖೆಗೆ ಹೇಳಿದೆ. ಮೊದಲು ದನದ್ದೇ ಎಂದುಕೊಂಡಿದ್ದೆ. ಆದರೆ ಎರಡೂ ಮುಖ ಚಪ್ಪಟೆ, ಪಕ್ಕದಲ್ಲಿ ಬಿಲ್ಲೆಯಂಥ ಒಂದು ತಟ್ಟೆ ಕಳಚಿ ಬಿದ್ದಿತ್ತು. ಆ ತಟ್ಟೆ ಕೂಡಿಕೊಂಡಿರಲಿಲ್ಲ ಎಂದರೆ ಪ್ರಾಣಿ ಇನ್ನೂ ಬೆಳೆಯುತ್ತಿತ್ತು.

ಆಕಾರ ಉಳಿಯದ ಚೂರಿಗೆ ಕೊಲಾಜನ್ನೇ ಗತಿ. ಅದರ ತುಣುಕುಗಳ ತೂಕ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಜಿಬ್ರಾಲ್ಟರ್ ಹತ್ತಿರದ ರೋಮನ್ ಕಾಲದ ಮೂಳೆಗಳಲ್ಲಿ ಬೂದು ತಿಮಿಂಗಿಲ ಇತ್ತು ಎಂದು 2018ರಲ್ಲಿ ಗೊತ್ತಾಗಿದ್ದು ಇದರಿಂದ, ಜೊತೆಗೆ ಹಳೇ ಡಿಎನ್‌ಎಯಿಂದ. ಅಟ್ಲಾಂಟಿಕ್‌ನಲ್ಲಿ ಆ ಜಾತಿ 18ನೇ ಶತಮಾನದ ಹೊತ್ತಿಗೇ ಅಳಿದು ಹೋಗಿತ್ತು.

ಈಗ ಒರೆಸಿದ ಚಾರ್ಟ್ ವಿಷಯ. ಊಟದ ಸರಪಳಿಯಲ್ಲಿ ಒಂದೊಂದು ಮೆಟ್ಟಿಲು ಹತ್ತಿದ ಹಾಗೆ ಮೈಯಲ್ಲಿ, ಮೂಳೆಯ ಕೊಲಾಜನ್‌ನಲ್ಲೂ, ಭಾರದ ನೈಟ್ರೋಜನ್, ಅಂದರೆ ನೈಟ್ರೋಜನ್ 15, ಸಾವಿರಕ್ಕೆ 3ರಿಂದ 4ರಷ್ಟು ಏರುತ್ತದೆ. ಅದಕ್ಕೇ ನಾನು ಒಂದು ಉದ್ದ ಏಣಿ ಬರೆದು, ಬೇರೆ ಬೇರೆ ಸಮುದ್ರದ ಪ್ರಾಣಿಗಳನ್ನೆಲ್ಲ ಅದರ ಮೇಲೆ ಕೂರಿಸಿಬಿಟ್ಟಿದ್ದೆ. ನಮ್ಮ ಕಡೆಯವು ಎಲ್ಲರಿಗಿಂತ ಮೇಲೆ ಕೂತವು. ದೊಡ್ಡ ಬೇಟೆಗಾರರು ಅಂತ ಖುಷಿಪಟ್ಟೆ.

ಖುಷಿ ಒಂದೇ ರಾತ್ರಿ. ಅರಬ್ಬಿ ಸಮುದ್ರದಲ್ಲಿ ಸುಮಾರು 200ರಿಂದ 1,000 ಮೀಟರ್ ಆಳದ ನಡುವೆ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೊಲ್ಲಿಯಾಚೆ ಕಾಣುವ ಡೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ದಶಕಗಳಿಂದ ಇದರ ಬೆನ್ನು ಹತ್ತಿದ್ದಾರೆ. ಆ ಆಳದ ಬ್ಯಾಕ್ಟೀರಿಯಾ ಉಸಿರಾಟಕ್ಕೆ ಆಮ್ಲಜನಕದ ಬದಲು ನೈಟ್ರೇಟ್, ಅಂದರೆ ನೀರಲ್ಲಿ ಕರಗಿದ ನೈಟ್ರೋಜನ್ ಲವಣ, ಬಳಸುತ್ತವೆ. ಹಗುರ ನೈಟ್ರೋಜನ್ ಮೊದಲು ಖಾಲಿ, ಉಳಿಯುವುದು ಭಾರದ್ದು. ಮಳೆಗಾಲದಲ್ಲಿ ಆಳದ ನೀರು ಮೇಲೆದ್ದಾಗ ಅದು ಪಾಚಿಗೆ, ಪಾಚಿಯಿಂದ ಪ್ಲಾಂಕ್ಟನ್‌ಗೆ, ಬಂಗುಡೆಗೆ, ಡಾಲ್ಫಿನ್‌ಗೆ. ಅಂದರೆ ನಮ್ಮ ಏಣಿಯ ನೆಲವೇ ಎತ್ತರದಲ್ಲಿದೆ. ಓಪನಿಂಗ್ ಸ್ಟಾಕ್ ನೋಡದೆ ಕ್ಲೋಸಿಂಗ್ ಸ್ಟಾಕ್ ಹಿಡಿದು ಲಾಭ ಎಣಿಸಿದ ಹಾಗಾಯಿತು. ನನ್ನ ಕೆಲಸದಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಕೂಗಾಡುತ್ತಿದ್ದೆ!

ಹಿಮಯುಗದಲ್ಲಿ ಈ ಬ್ಯಾಕ್ಟೀರಿಯಾಗಳ ಆಟ ಕಡಿಮೆ ಇತ್ತು ಎಂದು ತಳದ ಕೆಸರು ಹೇಳುತ್ತದೆ. ಹಾಗಾಗಿ ಒಂದೇ ಸಮುದ್ರದ ಹಳೇ ಮೂಳೆ, ಹೊಸ ಮೂಳೆಯನ್ನೂ ಕಣ್ಣುಮುಚ್ಚಿ ಹೋಲಿಸುವ ಹಾಗಿಲ್ಲ. ದಾರಿ ಇದೆ: ಕೊಲಾಜನ್ ಒಡೆದು, ಅದು ಕಟ್ಟಲ್ಪಟ್ಟ ಇಟ್ಟಿಗೆಗಳಾದ ಅಮೈನೋ ಆಸಿಡ್ ಒಂದೊಂದರಲ್ಲೂ ನೈಟ್ರೋಜನ್ 15 ಬೇರೆ ಬೇರೆ ಅಳೆಯುವುದು. ಗ್ಲುಟಾಮಿಕ್ ಆಸಿಡ್‌ನಲ್ಲಿ ಅದು ಮೆಟ್ಟಿಲಿಗೊಮ್ಮೆ ಏರುತ್ತದೆ, ಫಿನೈಲಲನಿನ್‌ನಲ್ಲಿ ಹೆಚ್ಚುಕಡಿಮೆ ನೆಲದ ಮಟ್ಟದಲ್ಲೇ ಇರುತ್ತದೆ. ಎರಡರ ಅಂತರವೇ ಪ್ರಾಣಿ ನಿಜಕ್ಕೂ ಹತ್ತಿದ ಎತ್ತರ. ಹೊಸ ಚಾರ್ಟಿನಲ್ಲಿ ಸಮುದ್ರಕ್ಕೊಂದು ಏಣಿ, ಪ್ರತಿ ಏಣಿಗೆ ಬೇರೆ ನೆಲ.

ಇನ್ನೊಂದು ಪ್ರಯೋಗ ಶುರುವಾಗಿದೆ. ಬಿಸಿ, ಮಳೆ, ಹುಳಿ ಮಣ್ಣು ಸೇರಿದರೆ ಕೊಲಾಜನ್ ಬೇಗ ಹಾಳು, ಚಿಪ್ಪಿನ ಸುಣ್ಣ ಮೂಳೆಯನ್ನು ಸ್ವಲ್ಪ ಕಾಯುತ್ತದೆ. ಬಾಲ್ಕನಿಯಲ್ಲಿ ಎರಡು ಕುಂಡ ಇಟ್ಟು ಎರಡರಲ್ಲೂ ಕುರಿ ಮೂಳೆ ಹೂತಿದ್ದೇನೆ. ಒಂದಕ್ಕೆ ಇಲ್ಲಿಯ ಕೆಂಪು ಜಂಬಿಟ್ಟಿಗೆ ಮಣ್ಣು, ಇನ್ನೊಂದಕ್ಕೆ ಊಟ ಮುಗಿದ ಬಳಚಿನ ಚಿಪ್ಪು. ಒಂದು ಮಳೆಗಾಲಕ್ಕೆ ಜಾಸ್ತಿ ವ್ಯತ್ಯಾಸ ಕಾಣಲಿಕ್ಕಿಲ್ಲ, ಆದರೂ ದೀಪಾವಳಿಗೆ ತೆಗೆದು ನೋಡುವುದು. ಮೊನ್ನೆ ಬೆಳಿಗ್ಗೆ ಚಿಪ್ಪಿನ ಕುಂಡವನ್ನು ಬೆಕ್ಕು ಕೆದರಿತ್ತು. ಈಗ ಎರಡರ ಮೇಲೂ ಹೆಂಚಿನ ಚೂರು ಮುಚ್ಚಿ ಇಟ್ಟಿದ್ದೇನೆ.